ಮನೆಯಲ್ಲೇ ನೋಟರಿ ಕಚೇರಿ: ಪರದೆಯ ಮೇಲೆ ಎಷ್ಟು, ಎದುರಿಗೆ ಎಷ್ಟು?

ಅಮೆರಿಕದ ಹಲವು ರಾಜ್ಯಗಳಲ್ಲಿ ನೋಟರಿ ಕೆಲಸ ಪೂರ್ತಿಯಾಗಿ ವಿಡಿಯೊ ಕರೆಯಲ್ಲೇ ಮುಗಿಯುತ್ತದೆ. ವರ್ಜೀನಿಯಾ ರಾಜ್ಯ 2011ರಲ್ಲೇ ಇದಕ್ಕೆ ಕಾನೂನು ಮಾಡಿತು. ಅಲ್ಲಿನವರ ವಿಡಿಯೊಗಳನ್ನು ನೋಡಿದ ಇಲ್ಲಿನ ವಕೀಲರಿಗೆ, ಹುಬ್ಬಳ್ಳಿಯ ಮನೆಯಲ್ಲಿ ಕುಳಿತೇ ಹೀಗೆ ಮುದ್ರೆ ಒತ್ತಬಹುದಲ್ಲವೇ ಎಂದು ಅನಿಸುವುದು ಸಹಜ. ಸದ್ಯಕ್ಕೆ ಅದು ಸಾಧ್ಯವಿಲ್ಲ. ನಮ್ಮ 1952ರ ನೋಟರಿ ಕಾಯ್ದೆಯಲ್ಲಾಗಲಿ, 1956ರ ನಿಯಮಗಳಲ್ಲಾಗಲಿ ವಿಡಿಯೊ ಮೂಲಕ ಸಹಿ ದೃಢೀಕರಿಸುವ ವ್ಯವಸ್ಥೆ ಇಲ್ಲ. ಅಮೆರಿಕದ ನೋಟರಿಯಾಗಲು ಅಲ್ಲಿನ ರಾಜ್ಯದ ನೇಮಕವೇ ಬೇಕು. ಇಲ್ಲಿಂದಲೇ ಆ ಕೆಲಸ ಕೊಡಿಸುತ್ತೇವೆ ಎನ್ನುವ ಜಾಹೀರಾತುಗಳಿಗೆ ದುಡ್ಡು ಕಟ್ಟಬೇಡಿ.

ಆದರೆ ನೋಟರಿ ಕೆಲಸದಲ್ಲಿ ಮುದ್ರೆ ಒತ್ತುವುದು ಕೊನೆಯ ಐದು ನಿಮಿಷ ಮಾತ್ರ. ಕಾಗದ ಓದುವುದು, ಹೆಸರು ತಾಳೆ ನೋಡುವುದು, ಕರಡು ತಿದ್ದುವುದು, ಏನೇನು ತರಬೇಕೆಂದು ಹೇಳುವುದು, ಇವೆಲ್ಲ ಅದಕ್ಕೂ ಮುಂಚಿನವು. ಅವನ್ನು ಮನೆಯಿಂದ, ದೂರದಿಂದಲೇ ಮಾಡಬಹುದು. ಹಾಗೆ ಮಾಡಿದರೆ ಕುಂದಗೋಳದಿಂದಲೋ ಕಲಘಟಗಿಯಿಂದಲೋ ಬರುವ ರೈತ ಒಂದು ಕಾಗದಕ್ಕಾಗಿ ಮೂರು ಸಲ ಬಸ್ ಹತ್ತುವುದು ತಪ್ಪುತ್ತದೆ. ಮನೆಯಲ್ಲಿ ಕಚೇರಿ ಮಾಡಲು ನನಗೆ ಕಾಣುವ ದೊಡ್ಡ ಕಾರಣ ಇದೇ.

ಅರ್ಹತೆ ಮತ್ತು ವ್ಯಾಪ್ತಿ

ನೋಟರಿಯಾಗಲು ವಕೀಲರಿಗೆ ಕನಿಷ್ಠ 10 ವರ್ಷಗಳ ವೃತ್ತಿ ಅನುಭವ ಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಪ್ರಮಾಣಪತ್ರದ ಅವಧಿ 5 ವರ್ಷ. ಅದರಲ್ಲಿ ನಮೂದಾದ ಪ್ರದೇಶವೇ ನಿಮ್ಮ ಎಲ್ಲೆ. ಧಾರವಾಡ ಜಿಲ್ಲೆಗೆ ಪ್ರಮಾಣಪತ್ರ ಪಡೆದವರು ಪರಿಚಯದವರ ಒತ್ತಾಯಕ್ಕೆ ಗದಗಕ್ಕೆ ಹೋಗಿ ಮುದ್ರೆ ಒತ್ತುವಂತಿಲ್ಲ. ಮನೆ ಆ ಎಲ್ಲೆಯೊಳಗೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ.

ಪಡಸಾಲೆಯೇ ಕಚೇರಿ

ಮಾಳಮಡ್ಡಿಯಂಥ ಹಳೆಯ ಬಡಾವಣೆಗಳ ಮನೆಗಳಿಗೆ ಒಂದು ಅನುಕೂಲವಿದೆ: ಕಟ್ಟೆ ಏರಿದರೆ ನೇರ ಪಡಸಾಲೆ. ಬಂದವರು ಅಡುಗೆಮನೆ ದಾಟಿ ಬರಬೇಕಿಲ್ಲ, ಮನೆಯವರಿಗೂ ಕಿರಿಕಿರಿಯಿಲ್ಲ. ಫ್ಲ್ಯಾಟ್ ಆದರೆ ಮುಂಬಾಗಿಲಿಗೆ ಹತ್ತಿರದ ಕೋಣೆಯನ್ನೇ ಆರಿಸಿ. ಬಾಗಿಲು ಮುಚ್ಚಲು ಬರಲೇಬೇಕು. ಆಸ್ತಿ, ಸಾಲ, ಮನೆತನದ ಜಗಳ ಈ ಕೋಣೆಯಲ್ಲಿ ಮಾತಿಗೆ ಬರುತ್ತವೆ. ಅವು ಹೊರಗೆ ಕೇಳಿಸಬಾರದು. ವಿಡಿಯೊ ಕರೆಯಲ್ಲಿ ಮಾತಾಡುವಾಗ ಹೆಡ್‌ಫೋನ್ ಹಾಕಿಕೊಳ್ಳುವುದೂ ಇದೇ ಕಾರಣಕ್ಕೆ. ವಯಸ್ಸಾದವರಿಗೆ ಮೆಟ್ಟಿಲ ಪಕ್ಕ ಹಿಡಿಕೆಯ ಕಂಬಿ ಇರಲಿ, ಕೈಯಿರುವ ಗಟ್ಟಿ ಕುರ್ಚಿ ಇರಲಿ.

ಶುಲ್ಕದ ದರಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಎದ್ದು ಕಾಣುವಂತೆ ಹಾಕಬೇಕೆಂದು ನಿಯಮವೇ ಹೇಳುತ್ತದೆ. ಬಹಳ ಕಡೆ ಇದು ಕಾಣುವುದಿಲ್ಲ. ನೀವು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ವಿದ್ಯುತ್ ದರದ ವರ್ಗ ಬದಲಾಗುತ್ತದೆಯೇ ಎಂದು ಹೆಸ್ಕಾಂ ಉಪವಿಭಾಗದಲ್ಲಿ ಒಮ್ಮೆ ಕೇಳಿಬಿಡಿ.

ಯಂತ್ರಗಳು

ಲೇಸರ್ ಪ್ರಿಂಟರ್ ಕೊಳ್ಳುವಾಗ ಅದು ಲೀಗಲ್ ಅಳತೆಯ ಕಾಗದ ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ. ಎ4ಗೆ ಮಾತ್ರ ಹೊಂದುವ ಯಂತ್ರ ಈ ಕೆಲಸಕ್ಕೆ ಸಾಲದು. ಸ್ಕ್ಯಾನರ್ 300 ಡಿಪಿಐ ಇದ್ದರೆ ಸಾಕು. ಕ್ಯಾಮೆರಾ ಸಾಧಾರಣವಾದದ್ದೇ ಇರಲಿ, ಕಿಟಕಿ ನಿಮ್ಮ ಬೆನ್ನ ಹಿಂದೆ ಬಾರದಂತೆ ಕುಳಿತರೆ ಮುಖ ಸ್ಪಷ್ಟವಾಗಿ ಕಾಣುತ್ತದೆ. ಫೈಬರ್ ಸಂಪರ್ಕದ ಜೊತೆಗೆ ಬೇರೊಂದು ಕಂಪನಿಯ ಮೊಬೈಲ್ ಡೇಟಾ, ಮಳೆಗಾಲಕ್ಕೆಂದು ಇನ್ವರ್ಟರ್ ಇಟ್ಟುಕೊಳ್ಳಿ.

ಕನ್ನಡದ ಕರಡಿಗೆ ಒಂದು ಮಾತು. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ಕಳುಹಿಸಿದರೆ ಕಕ್ಷಿದಾರರ ಮೊಬೈಲ್‌ನಲ್ಲಿ ಅಕ್ಷರಗಳ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಬರೆಯಿರಿ, ಪಿಡಿಎಫ್ ಮಾಡಿ ಕಳುಹಿಸಿ.

ಕರೆಯಲ್ಲೇ ಮುಗಿಸಬೇಕಾದ ಕೆಲಸ

ನಮ್ಮ ಭಾಗದಲ್ಲಿ ಅಫಿಡವಿಟ್‌ಗಳ ದೊಡ್ಡ ಪಾಲು ಹೆಸರಿನ ವ್ಯತ್ಯಾಸದ್ದು. ಶಾಲೆಯ ದಾಖಲೆಯಲ್ಲಿ ಬಸವರಾಜ, ಪಹಣಿಯಲ್ಲಿ ಬಸಪ್ಪ, ಆಧಾರ್‌ನಲ್ಲಿ ಅಡ್ಡಹೆಸರು ಮೊದಲು, ಬ್ಯಾಂಕಿನಲ್ಲಿ ಅಡ್ಡಹೆಸರೇ ಇಲ್ಲ. ಹಿರೇಮಠ, ಅಂಗಡಿ, ಪಾಟೀಲ ಎಂಬ ಅಡ್ಡಹೆಸರುಗಳು ಒಂದು ಕಾಗದದಲ್ಲಿ ಪೂರ್ತಿ, ಇನ್ನೊಂದರಲ್ಲಿ ಬರೀ ಒಂದಕ್ಷರ. ಆದ್ದರಿಂದ ಮೊದಲ ಕರೆಯಲ್ಲೇ ಎಲ್ಲ ದಾಖಲೆಗಳ ಫೋಟೊ ತರಿಸಿಕೊಂಡು, ಪರದೆಯ ಮೇಲೆ ಒಂದು ಪಟ್ಟಿ ಮಾಡಿ: ದಾಖಲೆ, ಅದರಲ್ಲಿರುವ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ. ಅದನ್ನು ಕಕ್ಷಿದಾರರಿಗೆ ತೋರಿಸಿ, ನಿಧಾನವಾಗಿ ಓದಿ ಹೇಳಿ. ಉತಾರದಲ್ಲಿ (ಪಹಣಿಯಲ್ಲಿ) ಅಜ್ಜನ ಹೆಸರೇ ಉಳಿದಿದೆ ಎಂಬುದು ಹೆಚ್ಚಾಗಿ ಬಯಲಾಗುವುದು ಈ ಓದಿನಲ್ಲಿಯೇ. ಅಂಥ ತೊಡಕಿಗೆ ಅಫಿಡವಿಟ್ ಸಾಲದು, ವಾರಸಾ (ವಾರಸುದಾರರ ಹೆಸರು) ದಾಖಲಿಸಬೇಕು ಎಂದು ಆಗಲೇ ಹೇಳಿದರೆ ಅವರ ಒಂದು ದಿನದ ಕೂಲಿ ಉಳಿಯುತ್ತದೆ.

ಕರಡು ಹಂತದಲ್ಲಿ ಆಧಾರ್‌ನ ಕೊನೆಯ 4 ಅಂಕಿಗಳಷ್ಟೇ ಕಾಣುವ ಮುಸುಕಿನ ಪ್ರತಿ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ದಾಖಲೆಗಳನ್ನು ಕೆಲಸದ ಕಂಪ್ಯೂಟರ್‌ಗೆ ಇಳಿಸಿಕೊಂಡು ಮೊಬೈಲ್‌ನಿಂದ ಅಳಿಸಿ. ಮಕ್ಕಳು ಆಟವಾಡುವ ಮೊಬೈಲ್‌ನಲ್ಲಿ ಇನ್ನೊಬ್ಬರ ಆಸ್ತಿಯ ಕಾಗದ ಇರಬಾರದು.

ಎದುರಿಗೆ ಆಗಲೇಬೇಕಾದದ್ದು

ಸಹಿಯ ದಿನ ಕಕ್ಷಿದಾರರೇ ಬರಬೇಕು, ಮೂಲ ಗುರುತಿನ ಚೀಟಿ ತರಬೇಕು. ಆಧಾರ್‌ನ ಕ್ಯೂಆರ್ ಸಂಕೇತವನ್ನು ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ತೆರೆದುಕೊಂಡ ಭಾವಚಿತ್ರವನ್ನು ಎದುರಿಗಿರುವ ಮುಖದೊಂದಿಗೆ ಹೋಲಿಸಿ. ಬರಹವನ್ನು ಓದಿ ಹೇಳಿ, ಅರ್ಥವಾಯಿತೇ ಎಂದು ಕೇಳಿ, ಪ್ರಮಾಣ ಮಾಡಿಸಿ. ಅವರು ನಿಮ್ಮ ಕಣ್ಣೆದುರೇ ಸಹಿ ಹಾಕಬೇಕು. ಮಗ ಸಹಿ ಮಾಡಿಸಿಕೊಂಡು ತಂದ ತಾಯಿಯ ಕಾಗದಕ್ಕೆ, ಅವನು ಎಷ್ಟೇ ಗುರುತಿನವನಾದರೂ, ಮುದ್ರೆ ಬೇಡ.

ಮುದ್ರೆ 5 ಸೆಂಟಿಮೀಟರ್ ವ್ಯಾಸದ ದುಂಡು ಮುದ್ರೆ. ರಿಜಿಸ್ಟರ್ ನಿಯಮದ ನಮೂನೆಯಲ್ಲೇ ಇರಬೇಕು. ಕ್ರಮಸಂಖ್ಯೆ, ದಿನಾಂಕ, ಕೆಲಸದ ಸ್ವರೂಪ, ಪಕ್ಷಗಾರರ ಹೆಸರು, ಪಡೆದ ಶುಲ್ಕ ಇವನ್ನೆಲ್ಲ ಅವರು ಎದುರಿಗಿರುವಾಗಲೇ ಬರೆದು, ಅದೇ ಸಾಲಿನಲ್ಲಿ ಅವರ ಸಹಿ ಪಡೆಯಿರಿ. ಸಂಜೆ ಒಟ್ಟಿಗೆ ಬರೆದರಾಯಿತೆಂದು ಸಾಲು ಖಾಲಿ ಬಿಡಬೇಡಿ. ಮುಂದೆ ನ್ಯಾಯಾಲಯದಲ್ಲಿ ಪ್ರಶ್ನೆ ಎದ್ದರೆ ಎಲ್ಲರೂ ನೋಡುವುದು ಆ ಸಾಲನ್ನೇ. ಮುದ್ರೆ ಮತ್ತು ರಿಜಿಸ್ಟರ್ ಎರಡಕ್ಕೂ ಬೀಗವಿರುವ ಕಬ್ಬಿಣದ ಕಪಾಟು ಬೇಕು, ಕೀಲಿ ನಿಮ್ಮಲ್ಲೇ ಇರಬೇಕು. ಧಾರವಾಡದ ಮಳೆಗೆ ಕಾಗದ ಮೆತ್ತಗಾಗುತ್ತದೆ, ಹೊರಗೋಡೆಗೆ ಒತ್ತಿ ಕಪಾಟು ಇಡಬೇಡಿ.

ಇಲ್ಲ ಎನ್ನಬೇಕಾದ ಕಾಗದಗಳು

ಮದುವೆ ಅಥವಾ ವಿಚ್ಛೇದನದ ಪತ್ರಕ್ಕೆ ಮುದ್ರೆ ಕೇಳಿ ಬಂದರೆ ಒಪ್ಪಬೇಡಿ. ಅದು ನೋಟರಿಯ ಅಧಿಕಾರವಲ್ಲ. ಹಾಗೆಯೇ, ಇಲ್ಲಿ ವಾಸಿಸುವವರು ತಮ್ಮ ಪರವಾಗಿ ಇನ್ನೊಬ್ಬರು ಉಪನೋಂದಣಿ ಕಚೇರಿಯಲ್ಲಿ ಪತ್ರ ಹಾಜರುಪಡಿಸಲೆಂದು ಮುಖ್ತಿಯಾರ ಪತ್ರ (ಪವರ್ ಆಫ್ ಅಟಾರ್ನಿ) ಕೊಡುವುದಾದರೆ, 1908ರ ನೋಂದಣಿ ಕಾಯ್ದೆಯ 33ನೇ ಕಲಂ ಪ್ರಕಾರ ಅದು ನೋಂದಣಾಧಿಕಾರಿಯ ಮುಂದೆಯೇ ಆಗಬೇಕು. ನೋಟರಿ ಮುದ್ರೆ ಅಲ್ಲಿ ನಡೆಯದು.

ವಿದೇಶದಲ್ಲಿರುವ ಮಕ್ಕಳದು ಬೇರೆ ದಾರಿ. ಅವರು ಅಲ್ಲಿನ ನೋಟರಿ ಅಥವಾ ಭಾರತದ ಕಾನ್ಸುಲ್ ಮುಂದೆ ಖುದ್ದಾಗಿ ಸಹಿ ಮಾಡಿ ಮುಖ್ತಿಯಾರ ಪತ್ರ ಕಳುಹಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕರಡನ್ನು ನಿಮ್ಮ ಮನೆಯ ಕಚೇರಿಯಿಂದಲೇ ಸಿದ್ಧಪಡಿಸಿ ಕೊಡಬಹುದು, ಆ ಗಡುವನ್ನೂ ಅದರ ಜೊತೆಗೇ ಬರೆದು ಕಳುಹಿಸಿ.

ವರ್ಷದ ಲೆಕ್ಕವನ್ನು ಜನವರಿ ಮೊದಲ ವಾರದಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕು. ಪ್ರತಿ ತಿಂಗಳ ಕೊನೆಯಲ್ಲಿ ರಿಜಿಸ್ಟರ್‌ನ ಮೊತ್ತಗಳನ್ನು ಒಂದು ಹಾಳೆಗೆ ಇಳಿಸಿಟ್ಟುಕೊಂಡರೆ ಆ ವಾರದಲ್ಲಿ ಹನ್ನೆರಡು ಹಾಳೆಗಳನ್ನು ಕೂಡಿಸುವ ಕೆಲಸವಷ್ಟೇ ಉಳಿಯುತ್ತದೆ.