ಯಾವ ಪ್ರೊಸೆಸರ್ ಆದರೂ ಕಾರ್ಡ್ ಒಂದೇ: ಓಪನ್ ಫರ್ಮ್‌ವೇರ್ ನೀವೇ ನಡೆಸಿ ನೋಡಿ

ಕಂಪ್ಯೂಟರ್ ಆನ್ ಮಾಡಿದ ಕೂಡಲೇ, ಲಿನಕ್ಸ್ ಅಥವಾ ವಿಂಡೋಸ್ ಲೋಡ್ ಆಗುವ ಮುಂಚೆಯೇ ಗ್ರಾಫಿಕ್ಸ್ ಕಾರ್ಡ್ ಕೆಲಸಕ್ಕೆ ಸಿದ್ಧವಾಗಬೇಕು. ಇಲ್ಲದಿದ್ದರೆ ಪರದೆಯ ಮೇಲೆ ಒಂದಕ್ಷರವೂ ಮೂಡದು. ಅದಕ್ಕೆ ಬೇಕಾದ ಪುಟ್ಟ ಪ್ರೋಗ್ರಾಂ ಕಾರ್ಡಿನ ಚಿಪ್‌ನಲ್ಲೇ ಇರುತ್ತದೆ. ಹಳೆಯ ಪಿಸಿ ಕಾರ್ಡುಗಳಲ್ಲಿ ಅದು ಇಂಟೆಲ್ ಮಾದರಿಯ ಪ್ರೊಸೆಸರ್‌ಗಷ್ಟೇ ಅರ್ಥವಾಗುವಂಥದ್ದು.

ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಮಿಚ್ ಬ್ರಾಡ್ಲಿ ಇದಕ್ಕೆ ಸೊಗಸಾದ ದಾರಿ ಹುಡುಕಿದರು. ಪ್ರೋಗ್ರಾಂ ಅನ್ನು ಫೋರ್ತ್ ಭಾಷೆಯಲ್ಲಿ ಬರೆದು, ‘ಎಫ್‌ಕೋಡ್’ ಎಂಬ ಬೈಟ್‌ಗಳಾಗಿ ಚಿಪ್‌ಗೆ ತುಂಬುವುದು. ಅದನ್ನು ಓದಿ ನಡೆಸುವುದು ಯಂತ್ರದ ಫರ್ಮ್‌ವೇರ್, ಅಂದರೆ ಆನ್ ಮಾಡಿದೊಡನೆ ಮೊದಲು ಓಡುವ, ಯಂತ್ರದಲ್ಲೇ ಅಡಗಿದ ಪ್ರೋಗ್ರಾಂ. ಪ್ರೊಸೆಸರ್ ಯಾವುದಿದ್ದರೂ ಸರಿ. ‘ಓಪನ್ ಫರ್ಮ್‌ವೇರ್’ ಎಂಬ ಈ ವ್ಯವಸ್ಥೆ 1994ರಲ್ಲಿ ಎಂಜಿನಿಯರುಗಳ ಸಂಸ್ಥೆ ಐಇಇಇಯ 1275ನೇ ಮಾನದಂಡವಾಯಿತು. ಪವರ್‌ಪಿಸಿ ಪ್ರೊಸೆಸರ್ ಇದ್ದ ಆ್ಯಪಲ್‌ನ ಹೆಚ್ಚಿನ ಮ್ಯಾಕ್‌ಗಳೂ ಇದನ್ನೇ ಬಳಸಿದವು. ಎಫ್‌ಕೋಡ್ ಇಲ್ಲದ ಪಿಸಿ ಕಾರ್ಡನ್ನು ಅವುಗಳಿಗೆ ಹಾಕಿದರೆ ಪರದೆ ಕಪ್ಪು.

ಇದನ್ನು ನೋಡಲು ಸನ್ ಯಂತ್ರ ಹುಡುಕಬೇಕಿಲ್ಲ, ಉಬುಂಟು ಲ್ಯಾಪ್‌ಟಾಪ್ ಸಾಕು. ಬೇರೆ ಕಂಪ್ಯೂಟರನ್ನು ತಂತ್ರಾಂಶದಲ್ಲೇ ಅನುಕರಿಸುವ ಕ್ಯೂಎಮುವಿನ ‘ಕ್ಯೂಎಮು-ಸಿಸ್ಟಮ್-ಸ್ಪಾರ್ಕ್’ (qemu-system-sparc) ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಟರ್ಮಿನಲ್‌ನಲ್ಲಿ ಅದೇ ಹೆಸರು ಕೊಡಿ. (ಆದೇಶಗಳೆಲ್ಲ ಇಂಗ್ಲಿಷ್ ಸಣ್ಣಕ್ಷರಗಳಲ್ಲಿರಲಿ.) ಡಿಸ್ಕ್ ಕೊಡಬೇಡಿ. ಬೂಟ್ ಮಾಡಲು ಏನೂ ಸಿಗದೆ, ಅದರೊಳಗಿನ ಓಪನ್ ಫರ್ಮ್‌ವೇರ್ ಆದ ಓಪನ್‌ಬಯೋಸ್ ‘0 >’ ಎಂದು ತೋರಿಸಿ ನಿಲ್ಲುತ್ತದೆ.

ಆ ಕಿಟಕಿಯಲ್ಲಿ ಅಕ್ಷರ ಮೂಡಿದ್ದೇ ಎಫ್‌ಕೋಡ್‌ನಿಂದ. ಕ್ಯೂಎಮು ಅನುಕರಿಸುವ ಸನ್‌ನ ಟಿಸಿಎಕ್ಸ್ ಗ್ರಾಫಿಕ್ಸ್ ಕಾರ್ಡ್ ತನ್ನದೇ ಎಫ್‌ಕೋಡ್ ಹೊತ್ತು ತರುತ್ತದೆ. ಓಪನ್‌ಬಯೋಸ್ ಅದನ್ನು ನಡೆಸಿದ ಮೇಲಷ್ಟೇ ಪರದೆಗೆ ಜೀವ.

ಈಗ ‘2 3’ ಎಂದು ಒತ್ತಿ ಎಂಟರ್ ಕೊಡಿ. ‘0 >’ ಇದ್ದದ್ದು ‘2 >’ ಆಗುತ್ತದೆ, ಅಂದರೆ ಸ್ಟ್ಯಾಕ್‌ನಲ್ಲಿ (ಫೋರ್ತ್ ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸಿಡುವ ಜಾಗ) ಎರಡು ಸಂಖ್ಯೆಗಳಿವೆ. ‘+ .’ ಕೊಟ್ಟರೆ 5 ಬರುತ್ತದೆ. ಮುಂದೆ ‘: ಡಬಲ್ ಡೂಪ್ + ;’ (: double dup + ;) ಎಂದು ಹೊಸ ಪದ ಕಟ್ಟಿ; ‘ಡೂಪ್’ ಮೇಲಿನ ಸಂಖ್ಯೆಯ ಇನ್ನೊಂದು ಪ್ರತಿ ಇಡುತ್ತದೆ. ಚಿಹ್ನೆಗಳ ನಡುವೆ ಜಾಗ ಬಿಡಲೇಬೇಕು. ‘7 ಡಬಲ್ .’ ಕೊಟ್ಟಾಗ 14ರ ಬದಲು ‘ಇ’ ಎಂಬ ಇಂಗ್ಲಿಷ್ ಅಕ್ಷರ ಬಂದರೆ ಗಾಬರಿ ಬೇಡ. ಇಲ್ಲಿನ ಲೆಕ್ಕ ಹದಿನಾರರ ಮೂಲದ್ದು, ಅದರಲ್ಲಿ 14 ಎಂದರೆ ‘ಇ’ (e). ಕಾರ್ಡಿನ ಡ್ರೈವರ್ ಕಟ್ಟುವುದೂ ಹೀಗೆಯೇ, ಪದದ ಮೇಲೆ ಪದ.

‘ಶೋ-ಡೆವ್ಸ್’ (show-devs) ಕೊಟ್ಟರೆ ಯಂತ್ರದ ಭಾಗಗಳೆಲ್ಲ ಮರದ ಕೊಂಬೆಗಳಂತೆ ಸಾಲಾಗಿ ಬರುತ್ತವೆ. ಟಿಸಿಎಕ್ಸ್ ಹೆಸರನ್ನು ಅಲ್ಲಿ ಹುಡುಕಿ. ‘ಡೆವ್’ (dev) ಎಂದು ಬರೆದು, ಒಂದು ಜಾಗ ಬಿಟ್ಟು, ಆ ಸಾಲಿನಲ್ಲಿ ‘/’ನಿಂದ ಶುರುವಾಗುವ ಪೂರ್ತಿ ವಿಳಾಸವನ್ನು ಅಲ್ಲಿರುವಂತೆಯೇ ಕೊಡಿ. ಆಮೇಲೆ ‘.ಪ್ರಾಪರ್ಟೀಸ್’ (.properties) ಕೊಟ್ಟರೆ ಕಾರ್ಡಿನ ವಿವರಗಳು ಕಾಣುತ್ತವೆ. ಈ ಡಿವೈಸ್ ಟ್ರೀ ಕಲ್ಪನೆಯನ್ನೇ ಲಿನಕ್ಸ್ ಮುಂದುವರಿಸಿತು; ಇಂದಿನ ಆಂಡ್ರಾಯ್ಡ್ ಫೋನ್‌ಗಳಲ್ಲೂ ಅದಿದೆ.

ಸ್ವಂತ ಎಫ್‌ಕೋಡ್ ಬರೆಯುವ ಆಸೆಯಾದರೆ ‘ಎಫ್‌ಕೋಡ್-ಯೂಟಿಲ್ಸ್’ (fcode-utils) ಪ್ಯಾಕೇಜ್ ಹಾಕಿಕೊಳ್ಳಿ. ಅದರ ‘ಟೋಕ್’ (toke) ಫೋರ್ತ್ ಕಡತವನ್ನು ಬೈಟ್‌ಗಳಾಗಿಸುತ್ತದೆ, ‘ಡಿಟೋಕ್’ (detok) ಬೈಟ್‌ಗಳನ್ನು ಮತ್ತೆ ಓದಬಲ್ಲ ಪದಗಳಾಗಿಸುತ್ತದೆ. ಮೊದಲು ಡಿಟೋಕ್‌ನಿಂದ ಕ್ಯೂಎಮು ಬಳಸುವ ಟಿಸಿಎಕ್ಸ್ ಎಫ್‌ಕೋಡ್ ಕಡತವನ್ನು ಬಿಚ್ಚಿ ಓದಿ, ಬರೆಯುವುದು ಆಮೇಲೆ.