ಸೀರೆಗೆ ಫಿಟ್ ಅನ್ನಬಾರದು

ಇಳಕಲ್ಲಿನಲ್ಲಿ ನಮ್ಮದು ಸಣ್ಣ ಸೀರೆ ಅಂಗಡಿ. ಅಪ್ಪನ ಕಾಲದಲ್ಲಿ ಗಿರಾಕಿಗಳು ಗಾದಿ ಮೇಲೆ ಕೂತು, ಹತ್ತು ಸೀರೆ ಬಿಚ್ಚಿಸಿ, ಒಂದು ಒಯ್ಯುತ್ತಿದ್ದರು. ಈಗ ಅರ್ಧ ವ್ಯಾಪಾರ ಫೋನಿನಲ್ಲೇ. ಕನ್ನಡ ಬಾರದವರಿಗೆ ಇಂಗ್ಲಿಷಿನಲ್ಲಿ ಹೇಳಬೇಕು. ನಾನು ಓದಿದ್ದು ಕನ್ನಡ ಮೀಡಿಯಂ.

ಒಂದು ಸಲ ಲಂಡನ್ನಿನಿಂದ ಒಬ್ಬರು ವಿಡಿಯೋ ಕಾಲ್ ಮಾಡಿದರು. ದಾಳಿಂಬೆ ಬಣ್ಣದ ಸೀರೆ ಎತ್ತಿ ಹಿಡಿದು, "ದಿಸ್ ಸ್ಯಾರಿ ವಿಲ್ ಫಿಟ್ ಯೂ, ಮೇಡಂ" ಅಂದೆ. ಅವರು ನಕ್ಕುಬಿಟ್ಟರು. ಆರು ಗಜದ ಸೀರೆ ಯಾರಿಗೆ ತಾನೇ ಫಿಟ್ ಆಗಲ್ಲ ಅಂತ ಕೇಳಿದರು. ಸೀರೆ ಹೋಯಿತು, ಜೊತೆಗೆ ನನ್ನ ಮಾನವೂ ಹೋಯಿತು.

ಆ ರಾತ್ರಿ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದುಕೊಂಡೆ. ಅಳತೆ ಸರಿಯಾದರೆ ಫಿಟ್. ನೋಡಲು ಒಪ್ಪಿದರೆ ಸೂಟ್. ಒಂದರ ಬಣ್ಣ ಇನ್ನೊಂದಕ್ಕೆ ಹೊಂದಿದರೆ ಮ್ಯಾಚ್. ಅಂದರೆ ಕುಬಸ ಫಿಟ್ ಆಗಬೇಕು, ಸೀರೆ ಸೂಟ್ ಆಗಬೇಕು, ಎರಡೂ ಮ್ಯಾಚ್ ಆಗಬೇಕು. ನಾವು ಎಲ್ಲದಕ್ಕೂ "ಮ್ಯಾಚಿಂಗ್" ಅಂದು ಮುಗಿಸಿಬಿಡುತ್ತೇವೆ, ಅಲ್ವಾ?

ಅದಕ್ಕೂ ಮೊದಲು ಬರೀ ಬಟ್ಟೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದೆ. ಸುಮ್ನೆ ವೇಳೆ ಹಾಳು. ಹೆಸರು ಹೇಗೋ ಬರುತ್ತೆ, ಎಡವೋದು ಕ್ರಿಯಾಪದದಲ್ಲಿ. ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ರುಮಾಲು ಸುತ್ತುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷಿನವರಿಗೆ ಎಲ್ಲವೂ ವೇರ್. ಕನ್ನಡಕವೂ ವೇರ್, ಅತ್ತರೂ ವೇರ್! ಎಂಥ ಬಡತನ ಅಂದುಕೊಂಡೆ. ಆದರೆ ಅವರು ಇನ್ನೊಂದು ಕಡೆ ಬಿಗಿ. ಉಟ್ಟು ಆಗಿದ್ದರೆ ವೇರಿಂಗ್. ಇನ್ನೂ ನೆರಿಗೆ ಹಿಡಿಯುತ್ತಾ ನಿಂತಿದ್ದರೆ ಪುಟಿಂಗ್ ಆನ್. ನಮ್ಮ "ಉಟ್ಟಿದ್ದಾಳೆ", "ಉಡುತ್ತಿದ್ದಾಳೆ" ಪಕ್ಕಪಕ್ಕ ಇಟ್ಟುಕೊಂಡ ಮೇಲೆ ತಪ್ಪು ಕಡಿಮೆಯಾಯಿತು.

ಪ್ಯಾಂಟ್ಸ್ ಅಂದರೆ ಇಂಗ್ಲೆಂಡಿನಲ್ಲಿ ಒಳಚಡ್ಡಿ. ನಮ್ಮ ಪ್ಯಾಂಟಿಗೆ ಅಲ್ಲಿ ಟ್ರೌಸರ್ಸ್ ಅನ್ನಬೇಕು. ಇದನ್ನು ಲಂಡನ್ ಗಿರಾಕಿಯಿಂದ ಕಲಿಯದೆ ಓದಿಯೇ ತಿಳಿದದ್ದು ನನ್ನ ಪುಣ್ಯ. ಹಾಗೆ ಓದುವಾಗಲೇ ಗೊತ್ತಾಯಿತು, ಪೈಜಾಮ, ಖಾಕಿ ನಮ್ಮ ಕಡೆಯಿಂದಲೇ ಇಂಗ್ಲಿಷಿಗೆ ಹೋದ ಮಾತು. ಕ್ಯಾಲಿಕೋ ಬಟ್ಟೆಗೆ ಕಲ್ಲಿಕೋಟೆಯ ಹೆಸರು, ದಪ್ಪ ಬಟ್ಟೆಯ ಉಡುಪು ಡಂಗ್ರೀಸ್‌ಗೆ ಮುಂಬೈಯ ಡೋಂಗ್ರಿಯ ಹೆಸರು. ಅಲ್ಲಿಗೆ ಅರ್ಧ ಹೆದರಿಕೆ ಹೋಯಿತು.

ನುಡಿಗಟ್ಟುಗಳಿಗೆ ನಮ್ಮವ್ವನೇ ಮೇಷ್ಟ್ರು. ಅವಳಿಗೆ ಇಂಗ್ಲಿಷ್ ಬಾರದು, ಅದೇ ಅನುಕೂಲ. ದೊಡ್ಡವನಾದರೂ ತಾಯಿಯನ್ನು ಬಿಟ್ಟಿರದ ಮಗನಿಗೆ ಅವರು "ಟೈಡ್ ಟು ಹಿಸ್ ಮದರ್ಸ್ ಏಪ್ರನ್ ಸ್ಟ್ರಿಂಗ್ಸ್" ಅನ್ನುತ್ತಾರೆ. ಅರ್ಥ ಹೇಳಿದ ಕೂಡಲೇ ಅವ್ವ, "ಅವ್ವನ ಸೆರಗ ಹಿಡಕೊಂಡು ತಿರಗಾಂವ ಅನ್ನು" ಅಂದಳು. "ರೋಲ್ ಅಪ್ ಯುವರ್ ಸ್ಲೀವ್ಸ್"ಗೆ ಟೊಂಕ ಕಟ್ಟು ಅಂದಳು. ಅಂಗಿಯವರು ತೋಳು ಮಡಚಿದರು, ಧೋತರದವರು ಟೊಂಕ ಕಟ್ಟಿದರು, ಅಷ್ಟೇ. "ಕಟ್ ಯುವರ್ ಕೋಟ್ ಅಕಾರ್ಡಿಂಗ್ ಟು ಯುವರ್ ಕ್ಲಾತ್" ಅನ್ನೋದಕ್ಕೆ ಹಾಸಿಗೆ ಇದ್ದಷ್ಟು ಕಾಲು ಚಾಚು. ಹೀಗೆ ಜೋಡಿ ಸಿಕ್ಕಿದ ಮಾತು ಮರೆಯೋದೇ ಇಲ್ಲ.

ಎಲ್ಲಕ್ಕೂ ಜೋಡಿ ಸಿಗಲ್ಲ. "ಹ್ಯಾಟ್ಸ್ ಆಫ್" ಅಂದರೆ ಟೋಪಿ ತೆಗೆದು ಗೌರವ ಕೊಡೋದು ಅಂದೆ. ಹಿರಿಯರು ಬಂದರೆ ತಲೆ ತುಂಬ ಸೆರಗು ಹೊದೆಯುವ ಅವ್ವ, "ತಲಿ ಮ್ಯಾಲಿಂದು ತಗದ್ರ ಅದೆಂಥ ಮರ್ಯಾದಿಲೇ?" ಅಂದಳು. ಉತ್ತರ ಹೊಳೆಯಲಿಲ್ಲ.

ನನಗೂ ಇನ್ನೂ ಬಗೆಹರಿಯದ್ದು ಇಳಕಲ್ ಸೀರೆಯ ಕೊಂಡಿ. ಒಡಲಿನ ಹಾಸು ದಾರಕ್ಕೆ, ಅಂದರೆ ಉದ್ದುದ್ದ ಹೋಗುವ ದಾರಕ್ಕೆ, ಸೆರಗಿನ ಹಾಸು ದಾರವನ್ನು ಒಂದರೊಳಗೊಂದು ಸಿಕ್ಕಿಸಿ ಕೂಡಿಸುವುದು. ಅದಕ್ಕೆ ಲೂಪ್ ಅಂತ ಬರೆದೆ. ಸೀರೆ ನೇತುಹಾಕಲು ಕುಣಿಕೆ ಇದೆಯಾ ಅಂತ ಒಬ್ಬರು ಕೇಳಿದರು. ಈಗ ಕೊಂಡಿ ಅಂತಲೇ ಬರೆಯುತ್ತೇನೆ. ಕೇಳಿದವರಿಗೆ ಕ್ಯಾಮೆರಾ ಹತ್ತಿರ ತಂದು, ಸೆರಗು ಶುರುವಾಗುವ ಗೆರೆ ಮೇಲೆ ಬೆರಳಿಟ್ಟು ತೋರಿಸುತ್ತೇನೆ.