ಮುಂದಿನ ವರ್ಷದ ಕೈತೋಟಕ್ಕೆ ನಾನು ಕಕ್ಕಡದಲ್ಲೇ ಕೋಲು ನೆಡ್ತೀನಿ

ನಮ್ಮನೆ ಕೊಡಗಿನ ಮೂರ್ನಾಡು ಕಡೆ. ಹಿಂದೆ ಬರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ), ಮುಂದೆ ಅಂಗಳ, ಅಂಗಳದ ಕೆಳಗೆ ಇಳಿಜಾರಲ್ಲಿ ಒಂದು ಹತ್ತು ಸೆಂಟ್ ಜಾಗ, ಅದರಾಚೆ ಕಾಫಿ ಶುರು. (ನಮ್ಮಲ್ಲಿ ಜಾಗಕ್ಕೂ ಸೆಂಟೇ, ಮಳೆ ಅಳೆಯೋದಕ್ಕೂ ಸೆಂಟೇ, ನೂರು ಸೆಂಟ್ ಅಂದ್ರೆ ಒಂದು ಇಂಚು, ಮದುವೆ ಆಗಿ ಬಂದ ಹೊಸದ್ರಲ್ಲಿ ಮಾವ "ಇವತ್ತು ಎಪ್ಪತ್ತು ಸೆಂಟ್" ಅಂದಾಗ ಯಾವ ಜಾಗ ಮಾರಿದ್ರಪ್ಪಾ ಅಂದ್ಕೊಂಡಿದ್ದೆ.)

ಮೊದಲನೇ ವರ್ಷ ನಾನು ಪ್ಲಾನ್ ಮಾಡಿದ್ದು ಜನವರೀಲಿ. ಹೊಸ ನೋಟ್‌ಬುಕ್ಕು, ಸ್ಕೇಲಿಟ್ಟು ಚೌಕ ಚೌಕ ಗೆರೆ, ಬೆಂಗಳೂರಿನ ಟೆರೇಸ್ ಗಾರ್ಡನ್ ವಿಡಿಯೋ ನೋಡ್ಕೊಂಡು ಆನ್‌ಲೈನಲ್ಲಿ 22 ಪ್ಯಾಕೆಟ್ ಬೀಜ ಬೇರೆ. ಆದ್ರೆ ಜನವರೀಲಿ ಕೊಡಗಲ್ಲಿ ಆಳು ಎಲ್ಲಿ ಸಿಗ್ತಾರೆ ಹೇಳಿ, ಅರೇಬಿಕಾ ಮುಗೀತು ಅನ್ನೋಷ್ಟರಲ್ಲಿ ರೊಬಸ್ಟಾ ಕೊಯ್ಲು, ನಾವೇ ಅಂಗಳದಲ್ಲಿ ಕಾಫಿ ಹರಡೋದು ಬಾಚೋದ್ರಲ್ಲಿ ಸುಸ್ತು. ಮಡಿ ಆಗಿದ್ದು ಮೇ ಕೊನೇಗೆ, ಬೀಜ ಹಾಕಿದ್ದು ಜೂನ್ ಮೊದಲನೇ ವಾರ. ಎರಡೇ ವಾರ, ಮಣ್ಣು ಸಮೇತ ಹೋಯ್ತು. ಟೊಮೆಟೊ ಸಸಿ ಬುಡ ಕೊಳೆತು ಮಲಗಿದ್ವು, ಕೊತ್ತಂಬರಿ ಮಾತ್ರ ಎರಡು ಗಿಡ ಕೆಳಗೆ ಕಾಫಿ ಬುಡದಲ್ಲಿ ಹುಟ್ಟಿತ್ತು. ಅತ್ತೆ ಒಂದೇ ಮಾತು ಹೇಳಿದ್ದು, "ನೀರು ಎಲ್ಲಿ ಹೋಗುತ್ತೆ ಅಂತ ನೋಡಿದ್ಯಾ ಮೊದಲು?"

ನೋಡಿರಲಿಲ್ಲ. ಹಾಗಾಗಿ ಈಗ ನನ್ನ ಪ್ಲಾನಿಂಗ್ ಕೊಡವರ ಕಕ್ಕಡ ತಿಂಗಳಲ್ಲಿ, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಹೇಗೂ ಆ ತಿಂಗಳು ಬೇರೆ ಕೆಲಸ ಆಗಲ್ಲ. ಮಳೆ ಸ್ವಲ್ಪ ಹೊಳವಾದ ತಕ್ಷಣ ಕೊಡೆ ಹಿಡ್ಕೊಂಡು, ಬೂಟಿಗೆ ಜಿಗಣೆ ಹತ್ತದೇ ಇರ್ಲಿ ಅಂತ ಸೋಪ್ ಉಜ್ಕೊಂಡು ಇಳೀತೀನಿ. ಮಳೆ ನಿಂತು ಅರ್ಧ ಗಂಟೆ ಆದ್ರೂ ನೀರು ನಿಂತಿರೋ ಕಡೆ ನೀಲಿ ಬಟ್ಟೆ ಕಟ್ಟಿದ ಕೋಲು, ಮಣ್ಣು ಕೊಚ್ಚಿ ಹೋಗ್ತಿರೋ ಕಡೆ ಕೆಂಪು ಬಟ್ಟೆ. ಹಳೇ ಸೀರೆ ಹರಿದ್ರೆ ಆಯ್ತು. ಒಂದು ಎಚ್ಚರಿಕೆ, ಹಾಲುವಾಣದ ಕೋಲು ಮಾತ್ರ ಬೇಡ, ನಾನು ಮೊದಲ ಸಲ ಅದನ್ನೇ ನೆಟ್ಟಿದ್ದೆ, ಅಕ್ಟೋಬರಲ್ಲಿ ನೋಡಿದ್ರೆ ಗುರುತಿನ ಕೋಲೆಲ್ಲ ಚಿಗುರಿ ಮರ ಆಗೋಕೆ ರೆಡಿ!

ಮಳೆ ಬಿಟ್ಟ ಮೇಲೆ ಆ ಕೋಲುಗಳೇ ನನ್ನ ನಕ್ಷೆ. ಬೇಸಿಗೇಲಿ ಒಣಗಿದ ಜಾಗ ನೋಡಿ ಇಲ್ಲಿ ನೀರು ನಿಲ್ಲುತ್ತೆ ಅಂತ ಯಾರಿಗೂ ಗೊತ್ತಾಗಲ್ಲ, ನೆನಪೂ ಇರಲ್ಲ. ನೀಲಿ ಕೋಲಿನ ಜಾಗದಲ್ಲಿ ಹಠ ಮಾಡದೆ ಕೆಸು ಹಾಕ್ಬಿಟ್ಟೆ, ಪತ್ರೊಡೆಗೆ ಬೇಕಾದಷ್ಟು ಎಲೆ. ಕೆಂಪು ಕೋಲಿನ ಕಡೆ ಇಳಿಜಾರಿಗೆ ಅಡ್ಡಲಾಗಿ ಲಾವಂಚದ ಸಾಲು. ಬರೆ ಬುಡ ಮಾತ್ರ ಮುಟ್ಟಲ್ಲ. ಆಗಸ್ಟ್ 2018ರ ಗುಡ್ಡ ಕುಸಿತ ನೋಡಿದವರು ಯಾರೂ ಇನ್ನೊಂದು ಮಡಿ ಜಾಗಕ್ಕೋಸ್ಕರ ಬರೆ ಕೆರೆಯಲ್ಲ.

ಕಕ್ಕಡದ ಹದಿನೆಂಟನೇ ದಿನ ನಮ್ಮಲ್ಲಿ ಪಾಯಸ ಮಾಡಿ ತಿನ್ನೋ ಮದ್ದುಸೊಪ್ಪಿನ ಕಥೆನೂ ಹೇಳ್ಬೇಕು. ಮೊದಲ ವರ್ಷ ಕ್ಲೀನ್ ಮಾಡೋ ಜೋಶಲ್ಲಿ ಬೇಲಿ ಪಕ್ಕದ ಪೊದೆ ಎಲ್ಲ ಸವರಿಸಿಬಿಟ್ಟೆ, ಕಕ್ಕಡ ಹದಿನೆಂಟಕ್ಕೆ ಪಾಯಸಕ್ಕೆ ಸೊಪ್ಪು ಅಂತ ಹೋದ್ರೆ ಗಿಡವೇ ಇಲ್ಲ, ಪಕ್ಕದ ಮನೆಯಿಂದ ಕೇಳಿ ತರಬೇಕಾಯ್ತು. ಅಲ್ಲಿಂದಲೇ ಕಡ್ಡಿ ತಂದು ಚುಚ್ಚಿದೆ, ಸುಲಭವಾಗಿ ಬರುತ್ತೆ.

ತರಕಾರಿ ನನಗೆ ವರ್ಷಕ್ಕೆ ಎರಡೇ ಸಲ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಆದ ಮೇಲೆ ಬೀನ್ಸು, ನವಿಲುಕೋಸು, ಮೂಲಂಗಿ, ಏರುಮಡಿಯಲ್ಲಿ. ಆಮೇಲೆ ಏಪ್ರಿಲ್ ಮೇ ಮಳೆಗೆ ಸೌತೆ, ಸಿಹಿಗುಂಬಳ, ಶುಂಠಿ, ಅರಿಶಿನ. ಜೂನಲ್ಲಿ ಬೀಜ ಮುಟ್ಟಲ್ಲ. ಅಗೆಯೋದು, ಚರಂಡಿ, ಗುಂಡಿ ಎಲ್ಲ ಮಾರ್ಚ್ ಕೊನೇಲಿ, ಕೊಯ್ಲು ಮುಗಿದು ಆಳು ಸಿಗೋವಾಗ, ಇಬ್ಬರಿಗೆ ಎರಡು ದಿನದ ಕೆಲಸ. ನಮ್ಮ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿ ಆಗಿರುತ್ತೆ, ಮಣ್ಣು ಟೆಸ್ಟ್ ಮಾಡಿಸಿ ಅವ್ರು ಹೇಳಿದಷ್ಟು ಸುಣ್ಣ ಆಗ್ಲೇ ಹಾಕ್ತೀನಿ. ಗೊಬ್ಬರ ಅದ್ರ ಜೊತೆ ಬೆರೆಸಲ್ಲ, ಎರಡು ಮೂರು ವಾರ ಬಿಟ್ಟು. ಜೊತೇಲಿ ಹಾಕಿದ್ರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತೆ.

ಮಳೆ ನೀರು ಹಿಡಿಯೋ ಪ್ರಾಜೆಕ್ಟಲ್ಲಿ ನಾನು ಲೆಕ್ಕ ಮಾಡದೆ ಬೇಸ್ತು ಬಿದ್ದೆ. ನಮ್ಮ ಶೆಡ್ಡಿನ ಶೀಟು 500 ಚದರಡಿ, ಒಂದು ಇಂಚು ಮಳೆ ಬಂದ್ರೆ ಸುಮಾರು 1180 ಲೀಟರ್ ನೀರು, ಅಂದ್ರೆ ಸಾವಿರ ಲೀಟರ್ ಟ್ಯಾಂಕು ಜುಲೈನಲ್ಲಿ ಒಂದು ಬೆಳಗ್ಗೆಗೇ ತುಂಬಿ ಚೆಲ್ಲುತ್ತೆ. ಖುಷಿಯೋ ಖುಷಿ. ಆದ್ರೆ ಫೆಬ್ರವರೀಲಿ ದಿನಕ್ಕೆ ನೂರು ಲೀಟರ್ ಹಾಕ್ತಾ ಹೋದ್ರೆ ಹತ್ತೇ ದಿನ! ಆಮೇಲೆ ಮಾವನ ಮಳೆ ಪುಸ್ತಕ ತೆಗೆದು ನೋಡಿದೆ, ದಿನಾ ಬೆಳಗ್ಗೆ ಎಂಟಕ್ಕೆ ಬರೆದಿಟ್ಟಿದ್ದು, ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಒಂದೊಂದು ವರ್ಷ ಒಂದೊಂದು ವಾರ, ಅದನ್ನ ನಂಬ್ಕೊಂಡು ಟ್ಯಾಂಕ್ ಖಾಲಿ ಮಾಡೋ ಹಾಗಿಲ್ಲ. ಇನ್ನೊಂದು ಟ್ಯಾಂಕ್ ತರೋ ಬದಲು ಬೇಸಿಗೆ ಮಡಿ ಆರರಿಂದ ಎರಡಕ್ಕೆ ಇಳಿಸಿ ದಪ್ಪಗೆ ತರಗು ಮುಚ್ಚಿದೆ, ಬಚ್ಚಲ ನೀರು ಬಾಳೆಗೆ ತಿರುಗಿಸಿದೆ.

ಮೇ ಕೊನೇಲಿ ಮನೆ ಸುತ್ತಿನ ಕರಿಮೆಣಸಿಗೆ ಕೊಳೆರೋಗ ಬರದ ಹಾಗೆ ಹೊಡೆಯೋ ಬೋರ್ಡೋ ದ್ರಾವಣ ನಾನೇ ಮಾಡ್ತೀನಿ. ಹತ್ತು ಲೀಟರಿಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಲ್ಲಿ ಕರಗಿಸಿ ತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಯೋದು. ಚಾಕು ಅದ್ದಿದ್ರೆ ಕೆಂಪಗೆ ಹತ್ತಿತು ಅಂದ್ರೆ ಸುಣ್ಣ ಸಾಲಲಿಲ್ಲ ಅಂತ.

ಈ ಸಲ ಬರೋ ವರ್ಷಕ್ಕೆ ಅಂತ ಬರ್ಕೊಂಡಿರೋದು ಎರಡೇ ಹೊಸ ಕೆಲಸ. ಒಂದು, ಪರಂಗಿ ಮೆಣಸಿನ (ಸೂಜಿ ಮೆಣಸು) ಸಸಿಗೂ ಕೊತ್ತಂಬರಿಗೂ ಹತ್ತಡಿಗೆ ಇಪ್ಪತ್ತಡಿ ಮಳೆಮರೆ. ಬಿದಿರಲ್ಲಿ ಒಂದು ಸಲ ಮಾಡಿದ್ದೆ, ಒಂದೇ ಮಳೆಗಾಲಕ್ಕೆ ಬುಡ ಕೊಳೀತು, ಈಗ ಪೈಪು. ಮೇಲಿನ ಶೀಟ್ ಜೋರು ಇಳಿಜಾರು ಇಲ್ದಿದ್ರೆ ನೀರು ತುಂಬಿ ಹೊಟ್ಟೆ ಬಿಡುತ್ತೆ. ಎರಡನೇದು ಒಂದು ಕಸಿ ಬೆಣ್ಣೆಹಣ್ಣಿನ ಗಿಡ. ಚೆಟ್ಟಳ್ಳಿ ತೋಟಗಾರಿಕಾ ಕೇಂದ್ರದವರ ಅರ್ಕಾ ಸುಪ್ರೀಮ್ ತಳಿ ಮೇಲೆ ಕಣ್ಣಿದೆ. ಅದಕ್ಕೆ ಬೇರಲ್ಲಿ ನೀರು ನಿಂತ್ರೆ ಕೊಳೆ ಬರುತ್ತೆ, ಹಾಗಾಗಿ ಮೂರು ಕಕ್ಕಡದಲ್ಲೂ ಒಂದು ಕೋಲೂ ಬೀಳದ ಜಾಗವೇ ಬೇಕು. ಅಂಥದ್ದು ಇರೋದು ಒಂದೇ, ಅಂಗಳದ ಮೂಲೆ ದಿಬ್ಬ, ಆ ದಿಬ್ಬದ ಮೇಲೆ ಅತ್ತೆಗೆ ಡೇರೆ ಹೂವು ಬೇಕು. ಎರಡು ದಿನ ಇಬ್ಬರಿಗೂ ಅಷ್ಟಕ್ಕಷ್ಟೇ ಮಾತು. ಕೊನೇಗೆ ದಿಬ್ಬ ನನಗೆ, ಡೇರೆ ಮಾತ್ರ ಜಗಲಿ ಮುಂದೆ ಸಿಮೆಂಟ್ ಚೀಲದಲ್ಲಿ, ಚೀಲಕ್ಕೆ ಮಣ್ಣು ತುಂಬೋದು, ಕೋಲು ಕಟ್ಟೋದು ಎಲ್ಲ ನಾನೇ ಅಂತ ಆಯ್ತು. ಗಡ್ಡೆ ಈಗ ಅಟ್ಟದ ಮೇಲೆ ಬೂದೀಲಿದೆ, ಹದಿನೇಳು, ನಿನ್ನೆ ಹತ್ತಿ ನೋಡಿದ್ರೆ ಎರಡಕ್ಕೆ ಆಗ್ಲೇ ಇಲಿ ಬಾಯಿ ಹಾಕಿದೆ, ಅತ್ತೆಗೆ ಇನ್ನೂ ಹೇಳಿಲ್ಲ.